‘ಸರ್ವರ್‌ನಲ್ಲಿ ಎಲ್ಲ ದಾಖಲಾಗಿರುತ್ತದೆ’ ಎಂಬುದು ಎಷ್ಟು ನಿಜ?

ಗದಗ-ಬೆಟಗೇರಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿರಲಿ, ಸೊಸೈಟಿ ಅಥವಾ ಸೇವಾ ಕೇಂದ್ರದ ಕೌಂಟರ್ ಮುಂದೆ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು, ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’. ಇನ್ನೊಂದು, ತಕರಾರು ಎದ್ದಾಗ, ‘ಚಿಂತಿ ಮಾಡಬ್ಯಾಡ್ರಿ, ಸರ್ವರ್‌ನ್ಯಾಗ ಎಲ್ಲಾ ದಾಖಲಾಗಿರ್ತೈತಿ’. ಈ ಎರಡನೆಯ ಮಾತನ್ನು ಪರಿಶೀಲಿಸೋಣ.

ನಿಮ್ಮ ಹಣದ ಲೆಕ್ಕ ಇರುವುದು ಡೇಟಾಬೇಸ್‌ನಲ್ಲಿ. ಲಾಗ್ ಬೇರೆ. ಅದು ಯಂತ್ರದ ದಿನಚರಿ: ಯಾರು ಎಷ್ಟು ಗಂಟೆಗೆ ಲಾಗಿನ್ ಆದರು, ಯಾವ ಪ್ರೋಗ್ರಾಂ ನಿಂತಿತು ಎಂಬುದು ಅಲ್ಲಿರುತ್ತದೆ. ಆಪರೇಟರ್ ಒಬ್ಬರ ಪಾಸ್‌ವರ್ಡನ್ನು ರಾತ್ರಿ ಬೇರೆ ಯಾರೋ ಬಳಸಿದ್ದರೆ, ಆ ಆಪರೇಟರ್ ಪರ ಸಾಕ್ಷಿ ಹೇಳಬೇಕಾದದ್ದು ಈ ದಿನಚರಿಯೇ.

ಗದಗ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಶುರುವಾದ ನೆಲವಿದು. ಲೆಕ್ಕ ಬರೆಯುವವರಿಗೆ ಕಿರ್ದಿ, ಖತಾವಣಿ ಗೊತ್ತು. ಆದದ್ದನ್ನು ಆದ ಕ್ರಮದಲ್ಲೇ ಬರೆಯುವುದು ಕಿರ್ದಿ, ಅದನ್ನು ಖಾತೆವಾರು ಬಿಡಿಸಿ ಬರೆಯುವುದು ಖತಾವಣಿ. ಲಿನಕ್ಸ್ ಸರ್ವರ್‌ಗಳಲ್ಲೂ ಇಬ್ಬರು ಗುಮಾಸ್ತರಿದ್ದಾರೆ. ಸಿಸ್ಟಂಡಿಯ ಭಾಗವಾದ ಜರ್ನಲ್‌ಡಿ ಕಿರ್ದಿ ಬರೆಯುತ್ತದೆ. 2004ರಲ್ಲಿ ರೈನರ್ ಗೆರ್ಹಾರ್ಡ್ಸ್ ಆರಂಭಿಸಿದ ಆರ್‌ಸಿಸ್‌ಲಾಗ್, ಲಾಗಿನ್ ಒಂದು ಕಡತಕ್ಕೆ, ಮೇಲ್ ಇನ್ನೊಂದಕ್ಕೆ ಎಂದು ಬಿಡಿಸಿಡುತ್ತದೆ, ಬೇಕಿದ್ದರೆ ಬೇರೆ ಯಂತ್ರಕ್ಕೂ ಕಳಿಸುತ್ತದೆ. ಇದೇ ಲಾಗ್ ಫಾರ್ವರ್ಡಿಂಗ್. ವಾಟ್ಸ್ಆ್ಯಪ್ ಫಾರ್ವರ್ಡ್‌ಗೂ ಇದಕ್ಕೂ ಹೆಸರಿನ ನಂಟಷ್ಟೇ!

ತೊಡಕು ಇರುವುದು ಇಬ್ಬರ ನಡುವಿನ ಕೈಬದಲಿಯಲ್ಲಿ. ಪ್ರೋಗ್ರಾಂಗಳು ಸಂದೇಶ ಹಾಕುವ ಹಳೆಯ ಬಾಗಿಲಲ್ಲಿ ಈಗ ಕುಳಿತಿರುವುದು ಜರ್ನಲ್‌ಡಿ. 2014ರಲ್ಲಿ ಬಂದ ಸಿಸ್ಟಂಡಿ 216ನೇ ಆವೃತ್ತಿಯಿಂದ ಅದು ಸಂದೇಶಗಳನ್ನು ತಾನಾಗಿ ಇನ್ನೊಬ್ಬ ಗುಮಾಸ್ತನಿಗೆ ದಾಟಿಸುವುದಿಲ್ಲ, ಏಕೆಂದರೆ ಹೊಸ ಆರ್‌ಸಿಸ್‌ಲಾಗ್ ತಾನೇ ಹೋಗಿ ಜರ್ನಲ್ ಓದಿಕೊಳ್ಳಬಲ್ಲದು. ಓದುವ ವ್ಯವಸ್ಥೆಯೂ ಇಲ್ಲ, ‘ಫಾರ್ವರ್ಡ್‌ಟುಸಿಸ್‌ಲಾಗ್’ ಆಯ್ಕೆಯೂ ಆನ್ ಆಗಿಲ್ಲ ಎಂದರೆ ಖತಾವಣಿ ಖಾಲಿ. ಎರಡೂ ಆನ್ ಆಗಿದ್ದರೆ ಒಂದೇ ಘಟನೆ ಎರಡು ಬಾರಿ ದಾಖಲಾಗಬಹುದು. ಆಗ ಎರಡು ತಪ್ಪು ಲಾಗಿನ್ ಯತ್ನ ನಾಲ್ಕಾಗಿ ಕಾಣುತ್ತದೆ, ಯಾರ ಮೇಲೋ ಅನುಮಾನ ಬರುತ್ತದೆ.

ಹಾಗಾದರೆ ಕಿರ್ದಿಯೊಂದೇ ಸಾಕಲ್ಲವೇ? ಡೆಬಿಯನ್ 12 (2023) ಹಾಗೆಯೇ ಭಾವಿಸಿ ಆರ್‌ಸಿಸ್‌ಲಾಗನ್ನು ಡೀಫಾಲ್ಟ್ ಪಟ್ಟಿಯಿಂದ ಕೈಬಿಟ್ಟಿತು. ಆದರೆ ಜರ್ನಲ್‌ನ ‘ಸ್ಟೋರೇಜ್’ ಆಯ್ಕೆ ‘ಆಟೋ’ ಎಂದಿದ್ದು, ಡಿಸ್ಕ್‌ನಲ್ಲಿ ಅದಕ್ಕೆಂದೇ ಇರಬೇಕಾದ ಫೋಲ್ಡರ್ ಇಲ್ಲದಿದ್ದರೆ ದಿನಚರಿ ಮೆಮೊರಿಯಲ್ಲಷ್ಟೇ ಇರುತ್ತದೆ. ಕರೆಂಟ್ ಹೋಗಿ ಬಂದರೆ ಮುಗಿಯಿತು. ಡಿಸ್ಕ್‌ನಲ್ಲಿದ್ದರೂ ಅದರ ಲೆಕ್ಕ ದಿನಗಳದ್ದಲ್ಲ, ಜಾಗದ್ದು: ಬೇರೆ ಸೂಚನೆ ಕೊಡದಿದ್ದರೆ ಡಿಸ್ಕ್‌ನ ಶೇ. 10ರಷ್ಟು, ಗರಿಷ್ಠ 4 ಜಿಬಿ. ತುಂಬಿದರೆ ಹಳೆಯದು ಅಳಿಯುತ್ತದೆ. ಇತ್ತ ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ಕಡತಗಳನ್ನು ವಾರಕ್ಕೊಮ್ಮೆ ಬದಲಿಸಿ, ಹಳೆಯ ನಾಲ್ಕನ್ನು ಮಾತ್ರ ಉಳಿಸುವುದು ರೂಢಿ. ಅಂದರೆ ಸುಮಾರು ಒಂದು ತಿಂಗಳು.

ಕಾನೂನು ಕೇಳುವುದೆಷ್ಟು? ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸೇವಾದಾರರು, ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು. ಸರ್ವರ್ ತಂದು, ಡೀಫಾಲ್ಟ್ ಸೆಟ್ಟಿಂಗ್ ಮುಟ್ಟದೆ ಬಿಟ್ಟವರು ಅರ್ಧ ವರ್ಷದ ದಾಖಲೆ ಎಲ್ಲಿಂದ ತರುತ್ತಾರೆ? ನಮಗೆ ಕಂಡಂತೆ ಇಲ್ಲಿ ದುರುದ್ದೇಶಕ್ಕಿಂತ ‘ಅದು ತಾನೇ ಆಗ್ತೈತಿ’ ಎಂಬ ನಂಬಿಕೆಯೇ ಹೆಚ್ಚು. ಬೇರೆ ಯಂತ್ರಕ್ಕೆ ಕಳಿಸುವವರೂ ಒಂದು ವಿಷಯ ಗಮನಿಸಬೇಕು. ಯುಡಿಪಿ ಮೂಲಕ ಹೋದ ಸಂದೇಶ ದಾರಿಯಲ್ಲಿ ಕಳೆದರೆ ಯಾರಿಗೂ ತಿಳಿಯುವುದಿಲ್ಲ, ಟಿಸಿಪಿ ಎಷ್ಟೋ ವಾಸಿ.

ಎಲ್ಲ ಸರಿಯಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಸರ್ವರ್ ನೋಡಿಕೊಳ್ಳುವವರು ‘ಲಾಗರ್’ ಎಂಬ ಕಮಾಂಡ್‌ನಿಂದ ಒಂದು ಪರೀಕ್ಷಾ ಸಂದೇಶ ಹಾಕಿ, ಅದನ್ನು ದೂರದ ಯಂತ್ರದಲ್ಲಿ ಹುಡುಕಲಿ. ಒಂದು ಬಾರಿ ಕಂಡರೆ ಸರಿ. ಎರಡು ಬಾರಿ ಕಂಡರೆ ಒಂದು ದಾರಿ ಮುಚ್ಚಬೇಕು. ಕಾಣದೇ ಇದ್ದರೆ ಕೈಬದಲಿ ಎಲ್ಲೋ ತಪ್ಪಿದೆ. ಆಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಹುಡುಕಲಿ.