ಫೈಲಿನಲ್ಲಿ ಸುಖವಾಗಿರುವ ಹಿರಿಯರು

ಓಕ್‌ಡನ್ ವೃದ್ಧಾಶ್ರಮದ ಬಳಿ ಮಾನ್ಯತೆಯ ಪತ್ರ ಇತ್ತು. ಅಡಿಲೇಡಿನಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರವೇ ನಡೆಸುತ್ತಿದ್ದ ಈ ಕೇಂದ್ರದಲ್ಲಿ ಮರೆವಿನ ರೋಗದ ಹಿರಿಯರನ್ನು ಕಟ್ಟಿಹಾಕುತ್ತಿದ್ದರು, ಅಳತೆ ಮೀರಿ ಔಷಧಿ ಕೊಡುತ್ತಿದ್ದರು, ಮೈಮೇಲಿನ ಬಾಸುಂಡೆ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರವಿರಲಿಲ್ಲ. ಒಂದು ಕುಟುಂಬ ಪಟ್ಟು ಬಿಡದೆ ದೂರಿದ್ದರಿಂದ ವಿಚಾರಣೆ ನಡೆದು 2017ರಲ್ಲಿ ಅದಕ್ಕೆ ಬೀಗ ಬಿತ್ತು. ಅದಕ್ಕೂ ಮೊದಲು ತಪಾಸಣೆಗೆ ಬಂದ ಅಧಿಕಾರಿಗಳು ಕಾಗದ ನೋಡಿ ಪಾಸು ಮಾಡಿ ಹೋಗಿದ್ದರು.

ಆ ಹಗರಣದ ಬಿಸಿ ಆರುವ ಮೊದಲೇ, 2018ರಲ್ಲಿ, ಹಿರಿಯರ ಆರೈಕೆಯ ಸ್ಥಿತಿಗತಿ ವಿಚಾರಿಸಲು ಆಸ್ಟ್ರೇಲಿಯಾ ರಾಯಲ್ ಕಮಿಷನ್ ನೇಮಿಸಿತು. ಅದರ ಮಧ್ಯಂತರ ವರದಿಗೆ ಇಟ್ಟ ಹೆಸರು 'ನಿರ್ಲಕ್ಷ್ಯ'. 2021ರ ಮಾರ್ಚ್‌ನಲ್ಲಿ ಹೊರಬಂದ ಅಂತಿಮ ವರದಿಯಲ್ಲಿ 148 ಶಿಫಾರಸುಗಳಿದ್ದವು. 1997ರ ಕಾಯ್ದೆಯನ್ನು ಕಿತ್ತುಹಾಕಿ, ಹಿರಿಯರ ಹಕ್ಕುಗಳ ಮೇಲೆ ನಿಂತ ಹೊಸ ಕಾಯ್ದೆಯನ್ನು 2023ರ ಜುಲೈ 1ರೊಳಗೆ ತನ್ನಿ ಎಂಬುದೇ ಅವುಗಳಲ್ಲಿ ಮೊದಲನೆಯದು. ಕಾಯ್ದೆ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ಅದೇ ವರ್ಷದ ಜುಲೈಗೆ ಎಂದು ಹೇಳಿ, ಇನ್ನೂ ಸಿದ್ಧತೆ ಸಾಲದೆಂದು ಮತ್ತೆ ನಾಲ್ಕು ತಿಂಗಳು ಮುಂದೂಡಿದ್ದೂ ಆಯಿತು. ಸಂಸ್ಥೆಯ ಚುಕ್ಕಾಣಿ ಹಿಡಿದವರು ಗಂಭೀರ ತಪ್ಪು ಮಾಡಿದರೆ ಕ್ರಿಮಿನಲ್ ಶಿಕ್ಷೆ ಎಂದು ಕರಡಿನಲ್ಲಿತ್ತು. 2024ರಲ್ಲಿ ವಿರೋಧ ಪಕ್ಷದ ಜತೆ ರಾಜಿಯಾಗುವ ಹೊತ್ತಿಗೆ ಅದು ಬಿದ್ದುಹೋಗಿ ದಂಡ ಮಾತ್ರ ಉಳಿಯಿತು. ದುಡ್ಡಿನಿಂದ ತೀರುವ ತಪ್ಪನ್ನು ದೊಡ್ಡ ಕಂಪನಿಗಳು ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ ಎಂಬುದು ಯಾರಿಗೆ ತಿಳಿಯದು?

ಹಾಗೆಂದು ಹೊಸ ಕಾಯ್ದೆ ಸಪ್ಪೆಯೇನಲ್ಲ. ಹಿಂದೆ 'ಅಪ್ರೂವ್ಡ್ ಪ್ರೊವೈಡರ್' ಅನ್ನಿಸಿಕೊಂಡರೆ ಅದು ಹೆಚ್ಚುಕಡಿಮೆ ಜೀವಮಾನದ ಬಿರುದು. ಈಗ ಸರ್ಕಾರದ ಹಣ ಪಡೆದು ಹಿರಿಯರ ಸೇವೆ ಮಾಡುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನೋಂದಣಿಗೆ ಆರು ವರ್ಗಗಳಿವೆ. ಮನೆ ಗುಡಿಸಿ ಒರೆಸುವವರು, ಹುಲ್ಲು ಕತ್ತರಿಸುವವರು ಒಂದನೆಯದರಲ್ಲಿ ಬಂದರೆ, ವೃದ್ಧಾಶ್ರಮ ನಡೆಸುವವರು ಆರನೆಯದರಲ್ಲಿ. ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ ನಾಲ್ಕನೆಯ ವರ್ಗದಿಂದ ಮೇಲಕ್ಕೆ, ಬಿಗಿಗೊಳಿಸಿದ ಗುಣಮಟ್ಟದ ಮಾನದಂಡಗಳಿಗೆ ತಕ್ಕಂತೆ ಆಡಿಟ್ ಆಗಬೇಕು. ಎಚ್ಚರ ವಹಿಸುವ ಹೊಣೆ ಮುಖ್ಯಸ್ಥರ ಹೆಗಲಿಗೂ ಖುದ್ದಾಗಿ ಬೀಳುತ್ತದೆ.

ನಮ್ಮ ಭಯ ಕಾಯ್ದೆಯ ಬಗ್ಗೆ ಅಲ್ಲ, ಅದಕ್ಕೆ ನಡೆಯುತ್ತಿರುವ ಸಿದ್ಧತೆಯ ಬಗ್ಗೆ. ನೋಂದಣಿ ಮಾಡಿಸಿಕೊಡುವುದೇ ಅಲ್ಲೀಗ ಒಂದು ದಂಧೆ. ಫೀಸು ಕಟ್ಟಿದರೆ ಪಾಲಿಸಿ ಪುಸ್ತಕ, ದೂರಿನ ರಿಜಿಸ್ಟರು, ಅಪಾಯದ ರಿಜಿಸ್ಟರು, ಸೋಂಕು ತಡೆಯುವ ಯೋಜನೆ ಎಲ್ಲವೂ ಸಿದ್ಧರೂಪದಲ್ಲಿ ಮೇಲ್‌ಗೆ ಬಂದು ಬೀಳುತ್ತವೆ. ಸಂಸ್ಥೆಯ ಹೆಸರು, ಲೋಗೊ ಬದಲಿಸಿದರೆ ಮುಗಿಯಿತು. ಆಡಿಟರ್ ಏನು ಕೇಳುತ್ತಾರೆ, ಅದಕ್ಕೆ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಸುವ ತರಬೇತಿಯೂ ಉಂಟು. ಎಸ್ಸೆಸ್ಸೆಲ್ಸಿ ಗೈಡು ಓದಿ ಪಾಸಾಗುವವರ ಹಾಗೆ, ಪಠ್ಯ ಮುಟ್ಟದೆಯೇ ಪರೀಕ್ಷೆ ಗೆಲ್ಲುವ ದಾರಿ ಇದು. ಅರ್ಜಿ ಹಾಕಿದವರಿಗೆ ತಮ್ಮದೇ ಪಾಲಿಸಿ ಪುಸ್ತಕದ ಹತ್ತನೆಯ ಪುಟದಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ, ಶನಿವಾರ ರಾತ್ರಿ ಪಾಳಿಗೆ ಹೋದ ಹೊಸ ಹುಡುಗಿಗೆ ಅದು ಹೇಗೆ ಗೊತ್ತಿರಬೇಕು? ರಾಯಲ್ ಕಮಿಷನ್ ಯಾವ ರೋಗಕ್ಕೆ ಮದ್ದು ಬರೆದುಕೊಟ್ಟಿತೋ ಆ ರೋಗ ಮದ್ದಿನ ಬಾಟಲಿಯೊಳಗೇ ಬೆಳೆಯುತ್ತಿದೆ.

ಕಾಗದ ಎಷ್ಟು ದೂರ ಕಾಯುತ್ತದೆ ಎನ್ನುವುದಕ್ಕೆ ಗೋಲ್ಡ್ ಕೋಸ್ಟಿನ ಅರ್ಲ್ ಹೇವನ್ ಸಾಕ್ಷಿ. ಅಲ್ಲಿ ಮಾನ್ಯತೆ ಒಬ್ಬರದು, ದಿನದ ಕೆಲಸದ ಗುತ್ತಿಗೆ ಇನ್ನೊಬ್ಬರದು. 2019ರ ಜುಲೈನಲ್ಲಿ ಇಬ್ಬರ ನಡುವೆ ಹಣದ ಜಗಳ ಮುಗಿಲುಮುಟ್ಟಿ ಸೇವೆ ನಿಂತೇಹೋಯಿತು. ಅರವತ್ತಕ್ಕೂ ಹೆಚ್ಚು ಹಿರಿಯರನ್ನು ಆಂಬುಲೆನ್ಸ್‌ಗಳಲ್ಲಿ ತುಂಬಿ ಬೇರೆಡೆಗೆ ಸಾಗಿಸಬೇಕಾಯಿತು. ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ನೋಂದಾಯಿತ ಸಂಸ್ಥೆಯದೇ ಎಂದು ಹೊಸ ಕಾಯ್ದೆ ಹೇಳುವುದು ಇಂಥ ಅನುಭವದಿಂದಲೇ. ಹಾಗಿದ್ದೂ, ನೋಂದಣಿ ತನ್ನ ಹೆಸರಿನಲ್ಲಿ ಮಾಡಿಸಿ ಕೆಲಸವನ್ನೆಲ್ಲ ಏಜೆನ್ಸಿಗಳಿಗೆ ಹಂಚಿ ಮಧ್ಯದ ಕಮಿಷನ್ ಎಣಿಸುವ ಆಲೋಚನೆ ಇಟ್ಟುಕೊಂಡೇ ಈ ಕ್ಷೇತ್ರಕ್ಕೆ ಕಾಲಿಡುವವರಿದ್ದಾರೆ. ಅಂಥವರು ಈಗಲೇ ಹಿಂದೆ ಸರಿಯುವುದು ಒಳ್ಳೆಯದು.

ನಿಜವಾದ ಸಿದ್ಧತೆ ರೋಸ್ಟರಿನಲ್ಲಿ ಕಾಣುತ್ತದೆ. ವೃದ್ಧಾಶ್ರಮಗಳಲ್ಲಿ ದಿನಕ್ಕೆ ಒಬ್ಬ ನಿವಾಸಿಗೆ ಸರಾಸರಿ 215 ನಿಮಿಷದ ಆರೈಕೆ, ಅದರಲ್ಲಿ 44 ನಿಮಿಷ ರಿಜಿಸ್ಟರ್ಡ್ ನರ್ಸ್‌ನಿಂದ ಆಗಬೇಕೆಂಬ ನಿಯಮ 2024ರ ಅಕ್ಟೋಬರಿನಿಂದ ಇದೆ. ಹಗಲಿರುಳೂ ಒಬ್ಬ ನರ್ಸ್ ಸ್ಥಳದಲ್ಲಿರಬೇಕೆಂಬ ನಿಯಮ ಅದಕ್ಕಿಂತ ಹಳೆಯದು. ಇಬ್ಬರು ಕೇರರ್‌ಗಳು ಒಂದೇ ರಾತ್ರಿ ಹುಷಾರಿಲ್ಲವೆಂದು ಫೋನ್ ಮಾಡಿದರೆ ಮೂರನೆಯವರು ಯಾರು? ಬಂದವರಿಗೆ, ನಾಲ್ಕನೇ ಕೋಣೆಯ ಅಜ್ಜನಿಗೆ ನೀರು ಗಂಟಲಿಗೆ ಸಿಕ್ಕುತ್ತದೆ, ಗಟ್ಟಿ ಮಾಡಿಯೇ ಕೊಡಬೇಕು ಎಂದು ಹೇಳುವವರು ಯಾರು? 2020ರಲ್ಲಿ ಮೆಲ್ಬರ್ನಿನ ಫಾಕ್ನರ್ ಬಡಾವಣೆಯ ಸೇಂಟ್ ಬೇಸಿಲ್ಸ್‌ನಲ್ಲಿ ಕೋವಿಡ್ ಹರಡಿದಾಗ ಸಿಬ್ಬಂದಿಯನ್ನೆಲ್ಲ ಒಮ್ಮೆಲೇ ಮನೆಗೆ ಕಳಿಸಿ ಹೊಸಬರನ್ನು ತಂದರು. ಹಿರಿಯರು ತಮ್ಮ ಪರಿಚಯವೇ ಇಲ್ಲದ ಕೈಗಳಿಗೆ ಬಿದ್ದರು. ಸೋಂಕಿಗೆ 45 ಮಂದಿ ಬಲಿಯಾದರು. ಅದು ಗ್ರೀಕ್ ಸಮುದಾಯ ತನ್ನವರಿಗಾಗಿ ಕಟ್ಟಿಕೊಂಡ ಮನೆ ಎಂಬುದನ್ನೂ ನೆನಪಿಡಬೇಕು. ನಮ್ಮವರೇ ನಡೆಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಕನ್ನಡಿಗರಲ್ಲೂ ಇದೆ.

ಆದರೂ ನಮ್ಮವರು ಈ ಕೆಲಸಕ್ಕೆ ಬರಬೇಕು ಎಂದೇ ಹೇಳುತ್ತೇವೆ. ಮಕ್ಕಳ ಹಿಂದೆ ಸಿಡ್ನಿಗೋ ಪರ್ತ್‌ಗೋ ಹೋಗಿ ಅಲ್ಲಿಯೇ ನೆಲೆನಿಂತ ತಂದೆತಾಯಿಗೆ ಈಗ ಎಂಬತ್ತು ದಾಟುತ್ತಿದೆ. ಮರೆವು ಕವಿದಾಗ ನಡುವೆ ಕಲಿತ ಇಂಗ್ಲಿಷ್ ಮೊದಲು ಜಾರುತ್ತದೆ. ಹೊಟ್ಟೆ ನೋಯುತ್ತದೆ ಎನ್ನುವುದಕ್ಕೆ ಉಳಿಯುವುದು ಕನ್ನಡ ಒಂದೇ. ತನಗೆ ಬೇಕಾದ ಭಾಷೆಯಲ್ಲಿ ಮಾತಾಡುವುದನ್ನು, ದುಭಾಷಿಯ ನೆರವು ಪಡೆಯುವುದನ್ನು ಕಾಯ್ದೆಯ ಹಕ್ಕುಪತ್ರ ಹಿರಿಯರ ಹಕ್ಕು ಎಂದು ಒಪ್ಪಿದೆ. ಊಟಕ್ಕೆಂದೇ ಒಂದು ಪ್ರತ್ಯೇಕ ಮಾನದಂಡವಿದೆ. 2017ರ ಅಧ್ಯಯನವೊಂದರ ಪ್ರಕಾರ ಅಲ್ಲಿನ ವೃದ್ಧಾಶ್ರಮಗಳು ಒಬ್ಬರ ಊಟದ ಸಾಮಗ್ರಿಗೆ ದಿನಕ್ಕೆ ಖರ್ಚು ಮಾಡುತ್ತಿದ್ದುದು ಸುಮಾರು 6 ಡಾಲರ್! ಅನ್ನ ಸಾರು ಬಡಿಸಿ, ಕನ್ನಡದಲ್ಲಿ ಎರಡು ಮಾತಾಡಬಲ್ಲ ಸಣ್ಣ ಸಂಸ್ಥೆಯೊಂದು ನ್ಯಾಯವಾಗಿ ನೋಂದಣಿ ಪಡೆದರೆ ಅದು ಕಡಿಮೆ ಸೇವೆಯಲ್ಲ. ವಕೀಲರನ್ನೂ ಕನ್ಸಲ್ಟೆಂಟರನ್ನೂ ಸಾಕಬಲ್ಲ ದೊಡ್ಡ ಸಂಸ್ಥೆಗಳ ಮುಂದೆ ಇಂಥವರಿಗೆ ಉಸಿರಾಡಲು ಜಾಗವಿರುವಂತೆ ನೋಡಿಕೊಳ್ಳುವುದು ನೋಂದಣಿ ಕೊಡುವ ಅಲ್ಲಿನ ಗುಣಮಟ್ಟ ಆಯೋಗದ ಕೆಲಸ. ಕಾಗದದ ಹೊರೆ ಹೆಚ್ಚಿದಷ್ಟೂ ಗೈಡು ಮಾರುವವರ ಅಂಗಡಿ ಬೆಳೆಯುತ್ತದೆ.

ಸರ್ಕಾರದ ಮೇಲೂ ಆತುರದ ಒತ್ತಡವಿದೆ. ಹೊಸ ಕಾಯ್ದೆ ಬರುವ ಹೊತ್ತಿಗೆ ಮನೆಯಲ್ಲೇ ಆರೈಕೆ ಪಡೆಯಲು ಕಾದು ಕೂತವರ ಪಟ್ಟಿ ಒಂದು ಲಕ್ಷ ದಾಟಿತ್ತು. ಬೇಡಿಕೆ ಹೀಗಿರುವಾಗ ಬಂದ ಅರ್ಜಿಗಳನ್ನೆಲ್ಲ ಬೇಗ ಬೇಗ ಪಾಸು ಮಾಡೋಣ ಎನಿಸುವುದು ಸಹಜ. ಅಂಗವಿಕಲರಿಗೆ ನೆರವು ಕೊಡುವ ಅಲ್ಲಿನ ಎನ್‌ಡಿಐಎಸ್ ಯೋಜನೆಯಲ್ಲಿ ಹಾಗೆ ಬಾಗಿಲು ತೆರೆದದ್ದಕ್ಕೆ, ಸುಳ್ಳು ಬಿಲ್ಲುಗಳ ತನಿಖೆಗೇ ಪ್ರತ್ಯೇಕ ಪಡೆ ಕಟ್ಟಬೇಕಾಯಿತು.

ಇತ್ತ ನಮ್ಮಲ್ಲಿ ಏನಿದೆ ಎಂದು ಕೇಳಿದರೆ ತಲೆ ತಗ್ಗಿಸಬೇಕು. ವೃದ್ಧಾಶ್ರಮಗಳಿಗೂ ಮನೆಗೆ ಆರೈಕೆಯವರನ್ನು ಕಳಿಸುವ ಏಜೆನ್ಸಿಗಳಿಗೂ ನೋಂದಣಿ, ಕನಿಷ್ಠ ಗುಣಮಟ್ಟ ಇರಬೇಕೆಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಗಿ, ಆ ಲೋಕಸಭೆಯ ಅವಧಿಯ ಜತೆಗೇ ಮುಗಿದುಹೋಯಿತು. ಮೆಲ್ಬರ್ನಿನಲ್ಲಿ ಕೂತು ಮೈಸೂರಿನ ಅಮ್ಮನಿಗೆ ಹೋಮ್ ನರ್ಸ್ ಗೊತ್ತುಮಾಡುವ ಮಗನಿಗೆ ಕೇಳಿ ನೋಡಲು ಒಂದು ಫೈಲು ಕೂಡ ಇಲ್ಲ.

ಆಸ್ಟ್ರೇಲಿಯಾದಲ್ಲಿ ನೋಂದಣಿಗೆ ಹೊರಟಿರುವ ಕನ್ನಡಿಗರಿಗೆ ನಮ್ಮ ಕೋರಿಕೆ ಇಷ್ಟೇ. ಅರ್ಜಿ ತುಂಬುವ ಮೊದಲು ರಾತ್ರಿ ಪಾಳಿಯ ಕೇರರ್ ಒಬ್ಬರನ್ನು ಕೂರಿಸಿಕೊಂಡು ನಿಮ್ಮ ಪಾಲಿಸಿ ಪುಸ್ತಕ ಓದಿಸಿ. ಅವರಿಗೆ ಅರ್ಥವಾಗದ ಪುಟವನ್ನು ಹರಿದುಹಾಕಿ, ಹೊಸದಾಗಿ ನೀವೇ ಬರೆಯಿರಿ. ತಂದೆತಾಯಿಯನ್ನು ಒಪ್ಪಿಸಲು ಹೊರಟಿರುವ ಮಕ್ಕಳು ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ ಹಿಂತಿರುಗಬೇಡಿ, ಊಟದ ಹೊತ್ತಿಗೆ ಹೇಳದೆ ಕೇಳದೆ ಹೋಗಿ. ಅನ್ಯಾಯ ಕಂಡರೆ ಗುಣಮಟ್ಟ ಆಯೋಗದ ದೂರಿನ ಫೋನ್ 1800 951 822. ಇಂಗ್ಲಿಷ್ ಬಾರದ ಹಿರಿಯರು 131 450ಕ್ಕೆ ಕರೆ ಮಾಡಿ ದುಭಾಷಿಯನ್ನು ಕೇಳಬಹುದು.