ಕುಡಿತ ಬಿಡಿಸೋಕೆ ಶಿಬಿರ ಇದೆ, ಬಿಟ್ಟ ಮೇಲೆ ಕೂರೋಕೆ ಜಾಗ ಎಲ್ಲಿದೆ?

2025-26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಈ ದುಡ್ಡಿನಲ್ಲಿ ತಾಲೂಕಿನ ವೈನ್‌ಶಾಪ್, ಬಾರ್‌ಗಳ ಪಾಲೂ ಇದೆ. ಎಣ್ಣೆ ಎಲ್ಲಿ ಸಿಗುತ್ತೆ ಅಂತ ಊರಿಗೆಲ್ಲ ಗೊತ್ತು. ಕುಡಿತ ಬಿಡಬೇಕು ಅಂತ ಮನಸ್ಸು ಮಾಡಿದವನು ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಮಾತ್ರ ಹೇಳೋರು ಕಮ್ಮಿ.

ಇದು ಒಂದು ತಾಲೂಕಿನ ಕಥೆಯಲ್ಲ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ, 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು.

ಮೊದಲ ವಾರ ಆಸ್ಪತ್ರೆಯ ಕೆಲಸ

ದಿನಾ ಕುಡಿಯುವವರು ಹಠಕ್ಕೆ ಬಿದ್ದು ಏಕಾಏಕಿ ನಿಲ್ಲಿಸೋದು ಅಪಾಯ. ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದರಿಂದ ಶುರುವಾಗಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೇ ದಿನ ಇಲ್ಲದ್ದು ಕಾಣಿಸುತ್ತೆ, ಕೇಳಿಸುತ್ತೆ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋಕೆ ಓಡಿದರೆ ಜೀವಕ್ಕೇ ಕುತ್ತು. ಇದಕ್ಕೆ ಬೇಕಾಗಿರೋದು ಡಾಕ್ಟರು.

‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಅಂತ ಗೋಡೆ ಮೇಲೆ ಅಂಟಿಸೋ ಪುಡಿಗಳನ್ನೂ ನಂಬುವ ಹಾಗಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ಸಾರಿನಲ್ಲಿ ಬೆರೆಸಿ ಕೊಟ್ಟು, ಆತ ಮೇಲೆ ಕುಡಿದು ಬಂದರೆ ಏನಾದೀತು?

ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಇದೆ. ಯಾವ ದಿನ ಬರ್ತಾರೆ ಅಂತ ಆಸ್ಪತ್ರೆಯಲ್ಲಿ ಕೇಳಿಕೊಂಡರೆ ಸಾಕು. ವ್ಯಸನ ಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಕುಡಿತದಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೇಳೋದು ಹಕ್ಕು, ಯಾರ ದಯೆಯೂ ಅಲ್ಲ.

ಆಮೇಲಿನ ವಾರಗಳು ಯಾರ ಕೆಲಸ?

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿಗರಿಗೆ ಹೊಸದಲ್ಲ. ಸಾಮಾನ್ಯವಾಗಿ ಎಂಟು ದಿನ ನಡೆಯುವ ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನು ‘ನವಜೀವನ ಸಮಿತಿ’ಗಳಲ್ಲಿ ಸೇರಿಸುತ್ತಾರೆ. ಶಿಬಿರಕ್ಕಿಂತ ಮುಖ್ಯವಾದ ಭಾಗ ಇದೇ.

ಯಾಕೆಂದರೆ ಆಸ್ಪತ್ರೆಯಲ್ಲಾಗಲಿ ಶಿಬಿರದಲ್ಲಾಗಲಿ ಬಾಟಲಿ ಕಣ್ಣಿಗೆ ಬೀಳಲ್ಲ. ಊರಿಗೆ ಬಂದರೆ ಬಟವಾಡೆ ದಿನ ಇದೆ, ಸಂತೆ ಇದೆ, ಮದುವೆ, ಜಾತ್ರೆ ಇದೆ. ‘ಒಂದೇ ಕ್ವಾರ್ಟರ್ ಕಣೋ, ಏನಾಗಲ್ಲ ಬಾ’ ಅನ್ನೋ ಗೆಳೆಯ ಇದ್ದಾನೆ. ಆ ಸಂಜೆ ಏಳು ಗಂಟೆಗೆ ಡಾಕ್ಟರು ಜೊತೆಗಿರಲ್ಲ. ಅದೇ ದಾರಿ ತುಳಿದು ಬಂದ ಇನ್ನೊಬ್ಬ ಇದ್ದರೆ ಅವನಿಗೆ ಫೋನ್ ಹಚ್ಚಬಹುದು.

ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಬಳಗ ನಿಂತಿರೋದೇ ಈ ಲೆಕ್ಕದ ಮೇಲೆ. ಅಮೆರಿಕದ ಆಕ್ರನ್‌ನಲ್ಲಿ 1935ರಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದ ಅದು ಶುರುವಾಯಿತು. ಒಬ್ಬ ಷೇರು ವ್ಯವಹಾರದವ, ಇನ್ನೊಬ್ಬ ಡಾಕ್ಟರು. ಶುಲ್ಕ ಇಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಅದೇ ಸದಸ್ಯತ್ವ. ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಅನ್ನೋ ಬೇರೆ ಬಳಗವೇ ಇದೆ.

ತಾಲೂಕಿನ ತೊಡಕು

ಬೆಂಗಳೂರು, ಮಂಗಳೂರಿನಂಥ ಊರಲ್ಲಿ ಇಂಥ ಸಭೆ ಹುಡುಕೋದು ಸುಲಭ. ತಾಲೂಕಿನವರು ಸಂಜೆ ಸಭೆಗೆ ಅಲ್ಲಿಗೆ ಹೋದರೆ ವಾಪಸ್ ಬರೋಕೆ ಬಸ್ಸಿಲ್ಲ, ಮಾರನೇ ದಿನದ ಕೂಲಿಯೂ ಇಲ್ಲ. ಒಂದು ತಿಂಗಳು ಹೋಗಬಹುದು, ವರ್ಷಗಟ್ಟಲೆ ಆಗಲ್ಲ.

ಇನ್ನೊಂದು ತೊಡಕು ಮಾನದ್ದು. ಸಣ್ಣ ಊರಲ್ಲಿ ಬಾಗಿಲಲ್ಲಿ ನಿಂತ ಬೈಕ್ ನೋಡಿಯೇ ಒಳಗೆ ಯಾರಿದ್ದಾರೆ ಅಂತ ಹೇಳಿಬಿಡ್ತಾರೆ. ವಿಚಿತ್ರ ಅಂದರೆ, ಬಾರ್ ಮುಂದೆ ನಿಂತ ಬೈಕ್‌ಗೆ ಈ ನಾಚಿಕೆ ಇಲ್ಲ. ಹೆಂಗಸರ ಪಾಡಂತೂ ಇನ್ನೂ ಕಷ್ಟ. ಅವರಲ್ಲಿ ಈ ಸಮಸ್ಯೆ ಇದೆ ಅಂತ ಒಪ್ಪಿಕೊಳ್ಳೋಕೇ ಯಾರೂ ತಯಾರಿಲ್ಲ.

ಬೇಕಾಗಿರೋದು ಒಂದು ಕೋಣೆ

ಗುಂಪು ಶುರು ಮಾಡೋಕೆ ಕಟ್ಟಡ, ಅನುದಾನ, ಉದ್ಘಾಟನೆ ಬೇಕಿಲ್ಲ. ಬಿಡಬೇಕು ಅನ್ನೋ ಇಬ್ಬರು ಮೂವರು, ವಾರಕ್ಕೊಂದು ಸಂಜೆ ಒಂದು ಗಂಟೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಸಾಕು. ಎ.ಎ. ಗುಂಪುಗಳು ಹೊರಗಿನವರಿಂದ ದೇಣಿಗೆ ತಗೊಳ್ಳಲ್ಲ, ತಾವೇ ಕೈಯಿಂದ ಹಾಕಿ ಬಾಡಿಗೆ ಕಟ್ಟುತ್ತವೆ. ಹಾಗಾಗಿ ಅಂಗಡಿಯವರು ಚಂದಾ ಕೊಡಬೇಕಿಲ್ಲ. ಪೇಟೆಯಲ್ಲಿ ಮಹಡಿ ಮೇಲೆ ಖಾಲಿ ಇರೋ ಕೋಣೆಯನ್ನು ವಾರಕ್ಕೊಂದು ಗಂಟೆ ಕಮ್ಮಿ ಬಾಡಿಗೆಗೆ ಬಿಟ್ಟರೆ ಅದೇ ದೊಡ್ಡ ಸಹಾಯ. ಹತ್ತು ಅಂಗಡಿಗಳಿರುವ ಕಾಂಪ್ಲೆಕ್ಸ್ ಆದರೆ ಇನ್ನೂ ಒಳ್ಳೇದು, ಮೆಟ್ಟಿಲು ಹತ್ತಿದವನು ಎಲ್ಲಿಗೆ ಹೋದ ಅಂತ ಯಾರಿಗೂ ತಿಳಿಯಲ್ಲ.

ಇದರಲ್ಲಿ ವ್ಯಾಪಾರದ ಲೆಕ್ಕವೂ ಇದೆ. ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ತೀರದೆ ಉಳಿದ ಎಷ್ಟೋ ಬಾಕಿ ವೈನ್‌ಶಾಪ್‌ನಲ್ಲಿ ನಗದಾಗಿ ಸಂದಾಯವಾಗಿರುತ್ತೆ. ಗ್ಯಾರೇಜು, ಹೋಟೆಲ್, ಗಿರಣಿ ನಡೆಸೋರಿಗೆ ಸೋಮವಾರ ಕೆಲಸಕ್ಕೆ ಬಾರದ ಹುಡುಗರ ಕಷ್ಟ ಗೊತ್ತೇ ಇದೆ.

ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಒಂದು ಆದೇಶದಿಂದ ಮುಗಿಯೋ ಕೆಲಸ ಇದಲ್ಲ. ಮುಂದಿನ ಸಲ ತಾಲೂಕಿನಲ್ಲಿ ಶಿಬಿರ ನಡೆದಾಗ ಎಷ್ಟು ಜನ ಸೇರಿದರು ಅಂತ ಕೇಳೋದರ ಜೊತೆಗೆ, ಒಂಬತ್ತನೇ ದಿನ ಅವರೆಲ್ಲ ಎಲ್ಲಿ ಸೇರ್ತಾರೆ ಅಂತಲೂ ಕೇಳಬೇಕು.