ಮುಂಗೈಯೊಂದನ್ನೇ ದೂರಬೇಡಿ

ಸಂಡೂರಿನ ಬೀದಿಗಳಲ್ಲಿ ಚಿನ್ನಿದಾಂಡು ಆಡಿ ಬೆಳೆದ ನನಗೆ ಗಾಲ್ಫ್ ಬಹುಕಾಲ ಸಿರಿವಂತರ ಆಟವಾಗಿಯೇ ಕಂಡಿತ್ತು. 2021ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದ ಬೆಳಿಗ್ಗೆ ನಾನೂ ಟಿವಿಯ ಮುಂದಿದ್ದೆ. ಹುಚ್ಚು ಹತ್ತಿದ್ದು ಅಂದೇ. ಈಗ ಬೆಂಗಳೂರಿನ ಮೊಮ್ಮಗನೂ ಈ ಆಟವನ್ನು ಕಲಿಯುತ್ತಿದ್ದಾನೆ.

ಅವನು ಬಲಗೈ ಆಟಗಾರ. ಚೆಂಡು ನೇರವಾಗಿ ಹೊರಟು ಬಲಕ್ಕೆ ಬಾಗುತ್ತಿತ್ತು. ಸುತ್ತಲಿನವರದೆಲ್ಲ ಒಂದೇ ಮಂತ್ರ: "ಮುಂಗೈ ತಿರುಗಿಸು." ತಿರುಗಿಸಿದ. ಬಾಗು ನಿಂತಿತು, ಆದರೆ ಚೆಂಡು ನೆಟ್ಟಗೆ ಎಡಕ್ಕೆ ಹೋಯಿತು. ಇನ್ನಷ್ಟು ತಿರುಗಿಸಿದ; ಎಡಕ್ಕೆ ಹೊರಟು ಮತ್ತೂ ಎಡಕ್ಕೆ ಬಾಗಿತು. "ನನಗೆ ಈ ಆಟ ಬರೋದಿಲ್ಲ ತಾತ" ಎಂದು ಕ್ಲಬ್ಬನ್ನು ಕೆಳಗಿಟ್ಟ.

ನನ್ನ ಮಟ್ಟಿಗೆ ತಪ್ಪು ಹುಡುಗನದಲ್ಲ, ಅರೆಬರೆ ಉಪದೇಶದ್ದು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು, ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ ಎಂಬುದು. ಬಾಗು ಹುಟ್ಟುವುದು ಆ ಮುಖಕ್ಕೂ ಕ್ಲಬ್ಬು ಸಾಗುವ ದಾರಿಗೂ ನಡುವಿನ ಕೋನದಿಂದ. ಆ ಕೋನ ಚೆಂಡಿನ ಸುತ್ತಿನ ಅಕ್ಷವನ್ನು ವಾಲಿಸುತ್ತದೆ. ಉಳಿದದ್ದು ಗಾಳಿಯ ಕೆಲಸ. ಭೌತಶಾಸ್ತ್ರ ಓದಿದವರಿಗೆ ಮ್ಯಾಗ್ನಸ್ ಪರಿಣಾಮ ನೆನಪಿದ್ದೀತು. ಮುಂಗೈಯ ತಿರುವು ಮುಖ್ಯವಾಗಿ ಬದಲಿಸುವುದು ಮುಖವನ್ನು. ದಾರಿ ಹಾಗೆಯೇ ಉಳಿಯಬಹುದು.

ಬೇಸಿಗೆ ರಜೆಗೆ ಸಂಡೂರಿಗೆ ಬಂದಾಗ ಚೆಂಡಿಲ್ಲದೆ, ನೆಲ ಸವರುವಂತೆ ಬೀಸಲು ಹೇಳಿದೆ. ನಮ್ಮ ಕೆಂಪು ಮಣ್ಣು ಸುಳ್ಳು ಹೇಳುವುದಿಲ್ಲ. ಗೀರು ಗುರಿಯತ್ತ ಇರಲಿಲ್ಲ, ಎಡಕ್ಕೆ ಓರೆಯಾಗಿತ್ತು. ದಾರಿಯೇ ಎಡಕ್ಕಿದ್ದಾಗ ಮುಖವನ್ನೂ ಎಡಕ್ಕೆ ತಿರುಗಿಸಿದರೆ ಚೆಂಡು ಇನ್ನೆಲ್ಲಿಗೆ ಹೋದೀತು? ಮೊದಲು ಗೀರನ್ನು ನೆಟ್ಟಗೆ ಮಾಡಿಸಬೇಕು. ಮುಂಗೈಯ ಮಾತು ಆಮೇಲೆ. ಈ ಕ್ರಮವನ್ನು ತಪ್ಪಿಸಿ ಮಕ್ಕಳನ್ನು ಗದರಿಸುವುದು ಅನ್ಯಾಯ.

ಆದರೆ ಗದರಿಸಿದವರಲ್ಲಿ ನಾನೂ ಒಬ್ಬ. ಚೆಂಡು ಬೀಸಿದ ದಾರಿಯಲ್ಲೇ ಹೊರಟು, ಆಮೇಲೆ ಮುಖವಿದ್ದ ಕಡೆಗೆ ಬಾಗುತ್ತದೆ ಎಂದು ಗಾಲ್ಫಿನ ಹಲವು ಹಳೆಯ ಪಾಠಗಳು ಹೇಳುತ್ತಿದ್ದವು. ರೇಡಾರ್ ಅಳತೆಗಳು ಬಂದ ಮೇಲೆ ಆ ಮಾತು ನಿಲ್ಲಲಿಲ್ಲ. ನಾನೂ ಒಮ್ಮೆ ತರಗತಿಯಲ್ಲಿ ಕ್ರಿಕೆಟ್ಟಿನ ಉದಾಹರಣೆ ಕೊಡುತ್ತ, ಬ್ಯಾಟು ಬೀಸಿದತ್ತಲೇ ಚೆಂಡು ಹೋಗುತ್ತದೆ ಎಂದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಇಲ್ಲ ಸಾರ್, ಬ್ಯಾಟಿನ ಮುಖ ಎತ್ತ ಇರ್ತದೋ ಅತ್ತ" ಎಂದ. ಎಲ್ಲರೂ ನಕ್ಕರು. ನಾನು ಅವನನ್ನು ಗಂಟೆ ಬಾರಿಸುವವರೆಗೂ ನಿಲ್ಲಿಸಿದೆ.

ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ; ಇಲ್ಲಿ ಬರೆಯುವುದಿಲ್ಲ. ಅಪ್ಪಾ, ಇದು ನಿನ್ನ ಕಣ್ಣಿಗೆ ಬಿದ್ದರೆ, ಅಂದು ನೀನು ಹೇಳಿದ್ದೇ ಸರಿಯಾಗಿತ್ತು. ಈ ಕಡೆ ಬಂದಾಗ ಮನೆಗೆ ಬಾ.